ಅಕ್ಕೋರ ಸೆರಗಿನ ಗಂಟು

ಅಕ್ಕೋರ ಸೆರಗಿನ ತುದಿ ಯಾವಾಗಲೂ ಮುದುಡಿಕೊಂಡೇ ಇರುತ್ತಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನೋಡಿದರೆ ಅದರಲ್ಲಿ ಮೂರೋ ನಾಲ್ಕೋ ಗಂಟುಗಳು, ಒಂದರ ಪಕ್ಕ ಒಂದು, ಕಡಲೆಕಾಳಿನಷ್ಟು ದಪ್ಪ. ನಾನು ಸೀರೆ ನೇಯುವವಳು. ಒಂದು ಸೆರಗು ನೇಯ್ದು ಇಳಿಸುವುದರಲ್ಲಿ ಕಣ್ಣು, ಸೊಂಟ ಎಷ್ಟು ಸವೆಯುತ್ತವೆ ಎಂದು ಬಲ್ಲವಳು. ಹಾಗಾಗಿ ಮೊದಲ ಸಲ ನೋಡಿದಾಗ ನನಗೆ ಬಂದದ್ದು ಬರೀ ಸಿಟ್ಟು. ಇಷ್ಟು ಓದಿದ ಹೆಂಗಸು ಸೀರೆಯನ್ನು ಹೀಗೆ ಹಾಳು ಮಾಡುವುದೇ? ಎಲೆ-ಅಡಿಕೆ ಕಟ್ಟಿಕೊಂಡಿರಬೇಕು ಎಂದು ನಮ್ಮ ಓಣಿಯ ಹೆಂಗಸರು ಅಂದುಕೊಂಡಿದ್ದರು. ಒಳಗೆ ಏನೂ ಇರಲಿಲ್ಲ. ಒಂದೊಂದು ಗಂಟೂ ಅಂದು ಅಂಗನವಾಡಿಗೆ ಬಾರದ ಒಂದೊಂದು ಮಗು.

ಅವರು ಗಜೇಂದ್ರಗಡದ ನಮ್ಮ ಓಣಿಯ ಅಂಗನವಾಡಿ ಅಕ್ಕೋರು. ಮಧ್ಯಾಹ್ನ ಮಕ್ಕಳ ಊಟ ಮುಗಿದು, ಸಹಾಯಕಿ ಅವರನ್ನು ಮಲಗಿಸಿದ ಮೇಲೆ, ಅಕ್ಕೋರು ಬಿಸಿಲಲ್ಲಿ ಹೊರಟುಬಿಡುತ್ತಿದ್ದರು. ಬಾರದ ಮಗುವಿನ ಮನೆಗೆ ಹೋಗಿ, ಮಗುವನ್ನು ಕಣ್ಣಾರೆ ನೋಡಿ, ಯಾಕೆ ಬರಲಿಲ್ಲ ಎಂದು ಕೇಳಿ, ಆಮೇಲೆ ಅದೇ ಹೊಸ್ತಿಲ ಮೇಲೆ ನಿಂತು ಒಂದು ಗಂಟು ಬಿಚ್ಚುತ್ತಿದ್ದರು. ನೇಕಾರರ ಮನೆಗಳು ಆದಮೇಲೆ ಓಣಿಯ ಹಿಂದಿನ ಕೂಲಿಯವರ ಗುಡಿಸಲುಗಳು. "ಗಂಟ ಬಿಚ್ಚದನ ಮನಿಗೆ ಹೋದ್ರ ನನಗ ಅನ್ನ ಸೇರೂದಿಲ್ಲ ನೋಡ್ರಿ" ಎನ್ನುತ್ತಿದ್ದರು. ಹಾಡಲು ಅವರಿಗೆ ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದರು. ಹೊಗಳುವುದರಲ್ಲಂತೂ ಮಹಾ ಜಿಪುಣಿ.

ಇನ್ನೊಂದು ಚಾಳಿಯಿತ್ತು. ಮಕ್ಕಳ ಎದುರು ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. "ಈಗ ನಾ ಮುಚ್ಚಳಾ ತಗೀತೀನಿ. ಯಪ್ಪಾ, ಹೊಗಿ ಬಂತು! ಒಳಗ ಏನೈತಿ? ಹೆಸರುಕಾಳು." ಇಷ್ಟು ಹೇಳಿ ಗಪ್ಪನೆ ನಿಲ್ಲಿಸಿ, ಮಗುವಿನ ಮುಖವನ್ನೇ ನೋಡುತ್ತಾ ಕೂತುಬಿಡುತ್ತಿದ್ದರು. ಮಗು ಏನಾದರೂ ಅಂದರೆ ತಕ್ಷಣ, "ಮತ್ತ?" ಎನ್ನುತ್ತಿದ್ದರು. ಮಗು ಇನ್ನಷ್ಟು ಹೇಳಿದರೆ ಮತ್ತೊಮ್ಮೆ "ಮತ್ತ?" ದಿನಕ್ಕೆ ನೂರು ಸಲ ಅದೇ. ಕಿಟಕಿಯಿಂದ ಇಣುಕಿ ನೋಡಿದ ನಮ್ಮ ಅತ್ತೆ, "ಆಕಿಗೆ ಅರ್ಧ ಹುಚ್ಚು" ಎಂದು ತೀರ್ಪು ಕೊಟ್ಟಿದ್ದರು. ನಾನೂ ಹೂಂಗುಟ್ಟಿದ್ದೆ.

ಆ ಗಂಟುಗಳಲ್ಲಿ ಒಂದು ದಿನವೂ ತಪ್ಪದೆ ಬೀಳುತ್ತಿದ್ದ ಗಂಟು ನನ್ನ ಮಗಳದು. ಪಾರ್ವತಿ ಎಂದು ಹೆಸರಿಟ್ಟು ಪಾರಿ ಎಂದು ಕರೆಯುತ್ತಿದ್ದೆವು. ಕರೆಯುತ್ತಿದ್ದೆವು ಎನ್ನುವುದೂ ಸುಳ್ಳೇ. ಕೈ ಬೀಸಿ ಸನ್ನೆ ಮಾಡುತ್ತಿದ್ದೆವು. ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗ, ಒಂದು ನನ್ನದು, ಒಂದು ನನ್ನ ಗಂಡನದು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಲಾಳಿಯ ಖಟಖಟ ಬೆಳಗಿನಿಂದ ದೀಪ ಹಚ್ಚುವವರೆಗೆ. ಆ ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ಯಾರು ಹರಿದುಕೊಳ್ಳುತ್ತಾರೆ? ಎರಡು ಬೆರಳು ಎತ್ತಿದರೆ ನೂಲಿನ ಕಂಡಿಕೆ ತಾ, ಮುಷ್ಟಿ ತೋರಿಸಿದರೆ ಎಳೆ ಹರಿದಿದೆ, ಅಂಗೈ ಬಾಯಿಗೆ ಹಿಡಿದರೆ ನೀರು. ಮದುವೆಯಾಗಿ ಬಂದ ಆರು ತಿಂಗಳಲ್ಲಿ ನಾನೂ ಆ ಕೈಸನ್ನೆ ಕಲಿತಿದ್ದೆ. ಹರಿದಾಡುವ ಕೂಸು ಕುಣಿಗೆ ಬೀಳಬಾರದೆಂದು ಹಳೆ ಸೀರೆಯ ಪಟ್ಟಿಯಿಂದ ಸೊಂಟ ಕಟ್ಟಿ ಮಗ್ಗದ ಕಂಬಕ್ಕೆ ಬಿಗಿಯುವುದು ನಮ್ಮಲ್ಲಿ ರೂಢಿ. ನನ್ನ ಗಂಡನೂ ಹಾಗೇ ಬೆಳೆದವನು. ಪಾರಿಗೆ ನಾಲ್ಕು ತುಂಬಿದರೂ ಆ ಪಟ್ಟಿ ಬಿಚ್ಚಿರಲಿಲ್ಲ, ಆಕೆ ಒಂದು ಮಾತೂ ಆಡಿರಲಿಲ್ಲ.

ಕಿವಿ ಕೇಳದ ಮೂಕಿ ಹುಟ್ಟಿದ್ದಾಳೆ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೆವು. ಹರಕೆ ಹೊತ್ತೆವು, ತಾಯತ ಕಟ್ಟಿಸಿದೆವು. ದೂರದ ಊರಿನಲ್ಲಿ ಕಿವುಡ-ಮೂಕ ಮಕ್ಕಳ ವಸತಿ ಶಾಲೆ ಇದೆಯೆಂದು ಯಾರೋ ಹೇಳಿದ ಮೇಲೆ ನನ್ನ ಗಂಡ ಅರ್ಜಿ ತಂದು ಕನ್ನಡಿಯ ಹಿಂದೆ ಸಿಕ್ಕಿಸಿಟ್ಟ. ಬರುವ ಜೂನಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಮುಖ ನೋಡಲು ಕನ್ನಡಿಯ ಎದುರು ನಿಂತರೆ ಆ ಹಾಳೆಯ ಮೂಲೆ ಕಾಣುತ್ತಿತ್ತು. ಇಷ್ಟು ಸಣ್ಣ ಕೂಸನ್ನು ಬಿಟ್ಟು ಹೇಗಿರಲಿ? ಮಾತು ಬಾರದ್ದು ಹಸಿವಾದರೆ ಯಾರಿಗೆ ಹೇಳೀತು?

ಕಿವಿ ಕೇಳದ ಮೂಕಿ, ಜೂನಿಗೆ ಆ ಶಾಲೆಗೆ ಕಳಿಸುತ್ತೇವೆ ಎಂದು ಹೇಳಿ ದಿನಾ ಅಕ್ಕೋರನ್ನು ಬಾಗಿಲಿಂದಲೇ ಸಾಗಹಾಕುತ್ತಿದ್ದೆವು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ಮತ್ತೆ ಬಂದರು. ನಾನು ಮಗ್ಗದಲ್ಲಿದ್ದೆ. ಎಷ್ಟೋ ಹೊತ್ತು ಬಾಗಿಲಲ್ಲೇ ನಿಂತು ನಮ್ಮನ್ನು ನೋಡುತ್ತಿದ್ದರಂತೆ. ಒಳಗೆ ಬಂದವರೇ ಪಾರಿಯ ಪಕ್ಕ ಕೂತು ಅವಳ ಸೊಂಟದ ಪಟ್ಟಿ ಬಿಚ್ಚತೊಡಗಿದರು. ಲಾಳಿ ಬಿಟ್ಟು ಕುಣಿಯಿಂದ ಎದ್ದೆ.

"ನಿಮ್ಮ ಸೆರಗಿನ ಗಂಟ ಬಿಚ್ಚಕೊಳ್ಳಾಕ ನಮ್ಮ ಮನಿ ಗಂಟಿಗೆ ಕೈ ಹಚ್ಚಬ್ಯಾಡ್ರಿ! ಕುಣ್ಯಾಗ ಬಿದ್ರ ನೀವು ಬರ್ತೀರೇನು? ನಿಮಗ ಯಾಕಬೇಕು ನನ್ನ ಮಗಳ ಉಸಾಬರಿ?"

ಓಣಿ ಕೇಳುವಂತೆ ಕೂಗಿದ್ದೆ. ಅಕ್ಕೋರು ನನ್ನ ಕಡೆ ನೋಡಲೇ ಇಲ್ಲ. ಪಾರಿಯನ್ನೇ ನೋಡುತ್ತಿದ್ದರು.

"ತಂಗೀ, ನೀ ಮಗ್ಗ ನಿಲ್ಲಿಸಿದಿ ನೋಡು, ಈಕಿ ಹೊಳ್ಳಿ ನೋಡಿದ್ಲು" ಎಂದರು. "ನೀ ಒದರಿದಿ, ಗಾಬರಿಯಾಗಿ ತುಟಿ ಕಚ್ಚಿಕೊಂಡ್ಲು. ಕಿವಿ ಕೇಳೂದಿಲ್ಲಂತ ನಿಮಗ ಯಾರು ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ನಾವೇ ಹೇಳಿಕೊಂಡಿದ್ದೆವು.

"ಖರೇನ ಕೇಳದಿದ್ರ ಆ ಸಾಲಿ ಚಲೋನ. ನಾನ ಬಂದು ಬಿಟ್ಟ ಬರ್ತೀನಿ. ಆದ್ರ ತೋರಿಸದನ ಕಳಸಬ್ಯಾಡ್ರಿ" ಎಂದು ಹೇಳಿ, ಬಿಚ್ಚಿದ ಪಟ್ಟಿಯನ್ನು ಮಡಚಿಟ್ಟು ಹೋದರು. ತಮ್ಮ ಸೆರಗಿನ ಗಂಟನ್ನು ಆ ದಿನ ಬಿಚ್ಚಲಿಲ್ಲ. ಅದನ್ನು ನಾನು ಗಮನಿಸಿದೆ.

ರೋಣದ ದವಾಖಾನೆಗೆ ವಾರಕ್ಕೊಮ್ಮೆ ಕಿವಿಯ ಡಾಕ್ಟರು ಬರುತ್ತಿದ್ದರು. ಅಕ್ಕೋರು ರಜೆ ಹಾಕಿ ನಮ್ಮ ಜೊತೆ ಹೊರಟರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಪಾರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅಕಾ ನೋಡು ಸೂರ್ಯಪಾನದ ಹೂವು, ಹಳದಿ ಹಳದಿ. ಅಕಾ ಕಡ್ಲಿ ಹೊಲ. ಯವ್ವಾ, ಕುರಿ ಬಂದುವು, ಡ್ರೈವರ್ ಮಾಮಾ ಹಾರ್ನ್ ಹೊಡದಾ" ಎಂದು ದಾರಿಯುದ್ದಕ್ಕೂ ಒಂದೇ ಸಮನೆ ಮಾತು. ಜನ ತಿರುಗಿ ನೋಡುತ್ತಿದ್ದರು, ನನಗೆ ನಾಚಿಕೆ. "ನಿಮ್ಮ ಮಗನ್ನೂ ಹಿಂಗ ಮಾತಾಡಿಸಿ ಬೆಳೆಸಿದ್ರೇನ್ರಿ?" ಎಂದು ಸುಮ್ಮನೆ ಕೇಳಿದೆ.

ಅಕ್ಕೋರ ಬಾಯಿ ಒಮ್ಮೆಲೇ ನಿಂತಿತು. "ಇಲ್ಲ ತಂಗಿ. ಅಂವಾ ಅವರಜ್ಜಿ ಹಂತ್ಯಾಕ ಬೆಳದಾ. ಅಂವಾ ಮೊದಲನೇ ಮಾತು ಆಡಿದಾಗ ನಾ ಬ್ಯಾರೆ ಮಂದಿ ಮಕ್ಕಳ ಕೂಡ ಇದ್ನಿ. ಏನಂದಾ ಅನ್ನೂದೂ ನನಗ ಗೊತ್ತಿಲ್ಲ." ಆಮೇಲೆ ಪಾರಿಯ ಕಡೆ ತಿರುಗಿ, "ಅಕಾ, ಬಂಡಿ ಬಂತು" ಎಂದರು.

ಡಾಕ್ಟರು ಹಿಂದಿನಿಂದ ಗಂಟೆ ಬಾರಿಸಿದರು, ಪಿಸುಗುಟ್ಟಿದರು, ಕಿವಿಗೆ ಯಂತ್ರ ಹಚ್ಚಿದರು. ಕಿವಿ ಸರಿಯಾಗಿದೆ, ನಾಲಗೆಯೂ ಸರಿಯಾಗಿದೆ ಎಂದರು. "ಮನ್ಯಾಗ ಈಕಿ ಕೂಡ ಯಾರು ಮಾತಾಡ್ತೀರಿ?" ಎಂದು ಕೇಳಿದರು. ನಾನು ಗಂಡನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಯಾರೂ ಇಲ್ಲ. ಆ ಮಗುವಿಗೆ ಮಾತೆಂದರೆ ಕೈಯಿಂದ ಆಡುವುದು ಎಂದೇ ನಾವು ಕಲಿಸಿದ್ದೆವು. ಆಕೆ ಚೆನ್ನಾಗಿಯೇ ಕಲಿತಿದ್ದಳು. ಆವತ್ತು ನನಗಾದ ನಾಚಿಕೆಯನ್ನು ಯಾವ ಶತ್ರುವಿಗೂ ಬಯಸುವುದಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅಕ್ಕೋರು ಅಪ್ಪಣೆ ಕೊಟ್ಟರು. "ಮುಂಜಾನೆ ಈಕಿ ನನ್ನ ಹಂತ್ಯಾಕ. ಸಂಜಿ ನಾಕಕ್ಕ ಅರ್ಧಾ ತಾಸು ಎರಡೂ ಮಗ್ಗ ನಿಲ್ಲಸ್ರಿ. ಈಕಿ ಎದುರ ಕುಂತು ಮಾತಾಡ್ರಿ. ಕೈ ಬ್ಯಾಡ, ಬಾಯಿಲೆ."

"ಅರ್ಧಾ ತಾಸು ಏನ್ ಮಾತಾಡ್ಲಿ ಕೂಸಿನ ಕೂಡ?" ಎಂದೆ.

"ಗಂಡನ್ನ ಬೈಯಾಕ ಮಾತು ಸಾಲೂದಿಲ್ಲೇನು ನಿನಗ? ಅದನ್ನ ಹೇಳು."

ನನ್ನ ಗಂಡ ಅಲ್ಲೇ ನಿಂತಿದ್ದ. ಅವನ ಮುಖ ನೋಡಬೇಕಿತ್ತು.

ಅಂದಿನಿಂದ ನಾಲ್ಕಕ್ಕೆ ನಮ್ಮ ಮಗ್ಗಗಳು ನಿಂತವು. ಅತ್ತೆ ಗೊಣಗಿದರು. ಪಕ್ಕದ ಮನೆಯವರು ಏನು, ಯಾರಿಗೆ ಆರಾಮ ಇಲ್ಲ ಎಂದು ವಿಚಾರಿಸಲು ಬಂದರು. ನಾನು ಪಾರಿಯನ್ನು ಎದುರು ಕೂರಿಸಿಕೊಂಡು, ಮದುವೆಯಾದಾಗಿನಿಂದ ಅವಳಪ್ಪ ಮಾಡಿದ ಒಂದೊಂದೇ ಘನಕಾರ್ಯವನ್ನು ವಿವರಿಸತೊಡಗಿದೆ. ಹಿಟ್ಟು ಬೀಸಿಸಿಕೊಂಡು ಬಾ ಎಂದರೆ ಚೀಲವನ್ನು ಗಿರಣಿಯಲ್ಲೇ ಮರೆತು ಬಂದದ್ದು. ನನ್ನ ತವರಿಗೆ ಹೋಗುವ ಬಸ್ಸು ಬಿಟ್ಟು ಬೇರೆ ಬಸ್ಸು ಹತ್ತಿಸಿದ್ದು. ಪಾರಿ ಕಣ್ಣರಳಿಸಿ ಕೇಳುತ್ತಿದ್ದಳು. ಮಾತು ಮಾತ್ರ ಇಲ್ಲ. ಸಂಕ್ರಾಂತಿ ಬಂತು, ಇಲ್ಲ. ಶಿವರಾತ್ರಿ ಬಂತು, ಇಲ್ಲ. ಅರ್ಜಿ ಕನ್ನಡಿಯ ಹಿಂದೆಯೇ ಇತ್ತು.

ಒಂದು ದಿನ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಅಂಗನವಾಡಿಗೆ ಹೋಗಿ ಜಗಳಕ್ಕೇ ನಿಂತೆ. "ನನ್ನ ಬಾಯಾಗಿನ ಪಸೆ ಆರಿತ್ರಿ ಅಕ್ಕೋರ! ಜೂನ್ ಹತ್ರ ಬಂತು. ಸುಳ್ಳ ಆಸೆ ಯಾಕ ಹಚ್ಚಿದ್ರಿ ನಮಗ?" ಎಂದು ಅಲ್ಲೇ ಅತ್ತುಬಿಟ್ಟೆ. ಅಕ್ಕೋರು ನನ್ನ ಕೈಹಿಡಿದು ಮಕ್ಕಳ ಚಾಪೆಯ ಮೇಲೆ ಕೂರಿಸಿದರು, ಒಂದು ಲೋಟ ನೀರು ಕೊಟ್ಟರು.

"ನೀ ಮಾತಾಡಿದ ಮ್ಯಾಲೆ ಏನ್ ಮಾಡ್ತಿ?"

"ಹೊಳ್ಳಿ ಮಗ್ಗಕ್ಕ ಹೋಗ್ತೀನಿ. ಮತ್ತೇನ್ ಮಾಡ್ಲಿ?"

"ಅಲ್ಲೇ ತಪ್ಪೈತಿ. ಮಾತಾಡಿ ಸುಮ್ಮಕ ಕುಂದರಬೇಕು. ಆಕಿ ಮಾರಿ ನೋಡ್ಕೊಂತ. ಹುಡುಗುರ ಮಾತು ದೂರದಿಂದ ನಡಕೊಂತ ಬರ್ತಾವು ತಂಗಿ. ಬಾಗಲಾ ತೆಗದಿಟ್ಟು ಕಾಯಬೇಕು."

ಯುಗಾದಿಗೆ ಇನ್ನು ನಾಲ್ಕೈದು ದಿನವಿತ್ತು. ಗಿರಣಿಯ ಹಿಟ್ಟಿನ ಕಥೆಯನ್ನೇ ಇನ್ನೊಮ್ಮೆ ಹೇಳುತ್ತಿದ್ದೆ. "ಹಿಟ್ಟೂ ಇಲ್ಲ, ಚೀಲಾನೂ ಇಲ್ಲ, ಬರೇ ಕೈ ಬೀಸ್ಕೊಂತ ಬಂದಾ ನಿಮ್ಮಪ್ಪ" ಎಂದು ನಿಲ್ಲಿಸಿದೆ. ಅಕ್ಕೋರು ಹೇಳಿದಂತೆ ಸುಮ್ಮನೆ ಕೂತೆ. ಪಾರಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಎಷ್ಟು ಹೊತ್ತಾಯಿತೋ. ರೂಢಿ ಬಿಡಬೇಕಲ್ಲ, ನನ್ನ ಕೈ ತಾನಾಗಿಯೇ ಮಗ್ಗದ ಕಡೆ ಹೋಯಿತು. ಪಾರಿ ಆ ಕೈಯನ್ನು ಎರಡೂ ಕೈಯಿಂದ ಹಿಡಿದು ತನ್ನ ಕಡೆ ಎಳೆದುಕೊಂಡಳು.

"ಮತ್ತ?" ಎಂದಳು.

ನನ್ನ ಮಗಳ ಮೊದಲ ಮಾತು ಅದು. ಅವ್ವ ಅಲ್ಲ, ಅಪ್ಪ ಅಲ್ಲ. ಎದುರಿನ ಮಗ್ಗದ ಕುಣಿಯಲ್ಲಿ ಕೂತಿದ್ದ ನನ್ನ ಗಂಡ, "ಹೇಳು, ಮತ್ತೇನಾತು ಹೇಳು ಆಕಿಗೆ! ಬೈ ನನ್ನ, ಬೈ!" ಎಂದು ಅಳುತ್ತಾ ನಗುತ್ತಾ ಒದರಿದ. ನಾನು ಏನು ಹೇಳಿದೆನೋ ನೆನಪಿಲ್ಲ. ಕತ್ತಲಾದರೂ ಅವತ್ತು ಮಗ್ಗಕ್ಕೆ ಕೂರಲಿಲ್ಲ.

ಮರುದಿನ ಅರ್ಜಿಯನ್ನು ತೆಗೆದುಕೊಂಡು ಹೋಗಿ ಅಕ್ಕೋರ ಮುಂದೆ ಇಟ್ಟೆ. ಅವರು ಅದನ್ನು ಮಗುಚಿ, ಖಾಲಿ ಮಗ್ಗುಲು ಮೇಲೆ ಮಾಡಿ, ಬಣ್ಣದ ಕಡ್ಡಿಯ ಜೊತೆ ಪಾರಿಯ ಕೈಗೆ ಕೊಟ್ಟರು. "ಬರಿ" ಎಂದರು. ನನಗೆ ಒಂದು ಶಾಬಾಸ್ ಕೂಡ ಅನ್ನಲಿಲ್ಲ. ಆದರೆ ಅಂದು ಸಂಜೆ ಅವರು ಮನೆಗೆ ಹೋಗುವಾಗ ಹಾಡುತ್ತಿದ್ದರೆಂದು ಸಹಾಯಕಿ ಹೇಳಿದಳು.

ಪಾರಿ ಈಗ ಐದನೇ ಇಯತ್ತೆ. ಸಾಲಿಯ ಮಾಸ್ತರು ಅವಳ ಮೇಲೆ ಹೇಳುವ ದೂರು ಒಂದೇ, ಬಾಯಿಗೆ ಬೀಗವಿಲ್ಲ. ಕೇಳಿದಾಗಲೆಲ್ಲ ಹೊಟ್ಟೆ ತುಂಬುತ್ತದೆ ನನಗೆ. ನಾಲ್ಕಕ್ಕೆ ಮಗ್ಗ ನಿಲ್ಲಿಸುವುದನ್ನು ಓಣಿಯ ಇನ್ನೂ ಮೂರು ಮನೆಗಳು ಹಿಡಿದುಕೊಂಡಿವೆ.

ಹೋದ ವರ್ಷ ಅಕ್ಕೋರು ನಿವೃತ್ತರಾದರು. ನಾನೇ ನೇಯ್ದ ಸೀರೆ ಉಡುಗೊರೆ ಕೊಟ್ಟೆ, ಕೆಂಪು ಸೆರಗಿನದು. ಅಲ್ಲೇ ಹೆಗಲಿಗೆ ಹಾಕಿಕೊಂಡರು. ತಾಯಂದಿರೆಲ್ಲ ಮಾದಲಿಯ ಸಿಹಿ ಊಟ ಮಾಡುತ್ತಿದ್ದಾಗ ನನ್ನನ್ನು ಪಕ್ಕಕ್ಕೆ ಕರೆದು, ನನ್ನ ಸೆರಗಿನ ತುದಿ ಹಿಡಿದು ಒಂದು ಗಂಟು ಹಾಕಿದರು.

"ಅಸೂಟಿಯಿಂದ ಬಂದು ಹಿಂದ ಗುಡಸಲಾ ಹಾಕ್ಯಾರಲ್ಲ, ಅವರ ಹುಡುಗಿ. ಅವ್ವ-ಅಪ್ಪ ಗೋವಾಕ್ಕ ದುಡಿಯಾಕ ಹೋಗ್ಯಾರ, ಅದನ್ನೂ ಕರಕೊಂಡು. ಇದ ನನ್ನ ಕೈಲೆ ಬಿಚ್ಚಾಕ ಆಗಲಿಲ್ಲ. ನೀ ಬಿಚ್ಚು."

"ಹೊಸಾ ಅಕ್ಕೋರು ಬರ್ತಾರಲ್ರಿ, ಅವರ ಸೀರಿಗೆ ಕಟ್ಟ್ರಿ. ಇದು ಹೊಸಾ ಸೀರಿ ನಂದು!"

"ಅವರಿಗೂ ಹೇಳೀನಿ. ಆದ್ರ ಸಿಟ್ಟಿಗೆದ್ದ ಅವ್ವಗೋಳ ಕೂಡ ಹ್ಯಾಂಗ ಮಾತಾಡಬೇಕು ಅನ್ನೂದು ನಿನಗ ಗೊತ್ತೈತಿ."

ಆ ಗಂಟನ್ನು ಹಾಗೇ ಇಟ್ಟುಕೊಂಡು ನಾಲ್ಕು ತಿಂಗಳು ಸೀರೆ ಒಗೆದೆ. ಮಳೆ ಬೀಳುವ ಮುಂಚೆ ಆ ಕುಟುಂಬ ತಿರುಗಿ ಬಂತು. ಹೋದೆ. ಹುಡುಗಿ ಗುಡಿಸಲ ಬಾಗಿಲಲ್ಲಿ ಕೂತು ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದಳು. ಬಂದ ಕೆಲಸ ಹೇಳುತ್ತಿದ್ದಂತೆ ಅವಳ ತಾಯಿ ಪಾತ್ರೆ ಕುಕ್ಕಿ, "ನಿಮಗ್ಯಾಕ ಬೇಕವಾ ನನ್ನ ಮಗಳ ಉಸಾಬರಿ?" ಎಂದಳು. ನನಗೆ ನಗು ಬಂದುಬಿಟ್ಟಿತು. ಅದು ನನ್ನದೇ ಮಾತಾಗಿತ್ತು. ಹೊಸ್ತಿಲ ಮೇಲೆ ಕೂತೆ, ಅವಳು ಬೈದು ಮುಗಿಸುವವರೆಗೂ ಕಾದೆ. ಮೂರನೆಯ ದಿನ ಹುಡುಗಿ ನನ್ನ ಕೈಹಿಡಿದುಕೊಂಡು ಅಂಗನವಾಡಿಗೆ ಬಂದಳು. ಗಂಟು ನೀರಿನಲ್ಲಿ ಬಿಗಿದು ಹೋಗಿತ್ತು, ಹಲ್ಲು ಹಚ್ಚಿ ಬಿಚ್ಚಿದೆ.

ಅಂದೇ ಅಕ್ಕೋರ ಮನೆಗೆ ಓಡಿದೆ. ಬಿಚ್ಚಿದ ಸೆರಗನ್ನು ಅವರ ಕೈಯಲ್ಲಿಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಈ ಸಲವಾದರೂ ಶಾಬಾಸ್ ಅಂದಾರು ಎಂದು ಕಾದೆ. ಅವರು ಗಂಟಿದ್ದ ಜಾಗದ ಸುಕ್ಕನ್ನು ಬೆರಳಿಂದ ಸವರಿದರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೂತರು, ನಾಲ್ಕು ವರ್ಷದ ಮಗುವಿನ ಮುಂದೆ ಕೂತಂತೆ.

"ಮತ್ತ?" ಎಂದರು.

"ಅವರ ಬಾಜು ಗುಡಸಲಾಗ ಇನ್ನೊಂದು ಹುಡುಗಿ ಐತ್ರಿ, ಮೂರು ವರ್ಷದ್ದು" ಎಂದೆ. ಸೆರಗನ್ನು ಅವರ ಕೈಯಿಂದ ತೆಗೆದುಕೊಂಡು, ಅದೇ ಸುಕ್ಕಿನ ಮೇಲೆ ನಾನೇ ಒಂದು ಗಂಟು ಹಾಕಿಕೊಂಡೆ.