ಅಮ್ಮನ ಕರುವನ್ನು ಕಟ್ಟಿಹಾಕಿದ ಶುಕ್ರವಾರ

೧೯೫೮ನೇ ಇಸವಿ. ಹೊಳೆನರಸೀಪುರ ತಾಲ್ಲೂಕಿನ ಒಂದು ಗ್ರಾಮಾಂತರ ಪಶು ಚಿಕಿತ್ಸಾಲಯದಲ್ಲಿ ನಾನು ಸ್ಟಾಕ್‌ಮನ್ ಆಗಿದ್ದೆ. ಸ್ಟಾಕ್‌ಮನ್ ಎಂದರೆ ಡಾಕ್ಟರಲ್ಲ. ಲೋಯರ್ ಸೆಕೆಂಡರಿ ಪಾಸು ಮಾಡಿ ಇಲಾಖೆಯ ತರಬೇತಿ ಮುಗಿಸಿದವನು. ಗಾಯಕ್ಕೆ ಔಷಧಿ ಹಚ್ಚುವುದು, ಡಾಕ್ಟರು ಹೇಳಿದ ಇಂಜೆಕ್ಷನ್ ಹಾಕುವುದು, ಹಳ್ಳಿ ಸುತ್ತಿ ಎಲ್ಲಿ ಯಾವ ದನ ಯಾಕೆ ಸತ್ತಿತು ಎಂದು ತಿಂಗಳಿಗೊಮ್ಮೆ ವರದಿ ಬರೆಯುವುದು, ಇಷ್ಟು ಕೆಲಸ. ನನ್ನ ಪಾಲಿಗೆ ಒಂದು ಸೈಕಲ್ಲು, ಒಂದು ಥರ್ಮಾಮೀಟರು, ಮೂವತ್ತೆರಡು ಹಳ್ಳಿ.

ಆ ಬೇಸಿಗೆಯಲ್ಲಿ ದೊಡ್ಡರೋಗ ಬಂತು. ಪುಸ್ತಕದಲ್ಲಿ ಅದರ ಹೆಸರು ರಿಂಡರ್‌ಪೆಸ್ಟ್. ವೈರಸ್ಸಿನಿಂದ ಬರುವ ರೋಗ. ದನ, ಎಮ್ಮೆಗಳಿಗೆ ಮಾತ್ರವಲ್ಲ, ಕಾಡೆಮ್ಮೆ, ಕಾಡುಹಂದಿಗಳಿಗೂ ಬರುತ್ತದೆ. ಮೊದಲು ಜೋರು ಜ್ವರ, ಆಮೇಲೆ ಕಣ್ಣಲ್ಲಿ ನೀರು. ತುಟಿ ಮಗುಚಿ ನೋಡಿದರೆ ಒಳಗೆ ತೌಡು ಉದುರಿಸಿದ ಹಾಗೆ ಹುಣ್ಣು. ಕೊನೆಗೆ ನಾರುವ ಭೇದಿ. ಎಂಟು ಹತ್ತು ದಿನದಲ್ಲಿ ಕೊಟ್ಟಿಗೆ ಖಾಲಿ. ಕಾಲುಬಾಯಿ ಜ್ವರವೂ ಬಾಯಿ ಹುಣ್ಣು ಮಾಡುತ್ತದೆ, ಆದರೆ ಅದರಲ್ಲಿ ಗೊರಸಿನ ಸಂದಿಯೂ ಒಡೆಯುತ್ತದೆ, ದೊಡ್ಡ ದನ ಸಾಯುವುದು ಕಡಿಮೆ. ಮುಂಗಾರು ಹತ್ತಿರವಾಗಿತ್ತು. ಎತ್ತು ಸತ್ತರೆ ಆ ವರ್ಷ ಆ ಮನೆಯವರಿಗೆ ಉಳುಮೆ ಆರಂಬವೇ ಇಲ್ಲ.

ರೋಗ ಎಲ್ಲಿಂದ ಬಂತು, ಯಾವ ಕಡೆ ಹೊರಟಿದೆ ಎಂದು ತಿಳಿದರೆ ತಾನೇ ಮುಂದಿನ ಊರಿಗೆ ಮೊದಲೇ ಲಸಿಕೆ ಹಾಕಬಹುದು? ನಾನು ಊರೂರಿಗೆ ಹೋಗಿ ಕೇಳಿದೆ. ಎಲ್ಲರದೂ ಒಂದೇ ಉತ್ತರ: “ನಮ್ಮೂರಾಗೆ ಏನೂ ಇಲ್ಲ ಸಾ.” ರೋಗ ಎಂದು ಬರೆಸಿದರೆ ಆ ಊರಿನ ದನ ಸಂತೆಗೆ ಹೋಗುವಂತಿಲ್ಲ. ಹಿತ್ತಲಲ್ಲಿ ಹೊಸ ಮಣ್ಣಿನ ಗುಡ್ಡೆ ಕಾಣುತ್ತಿತ್ತು. ಬಾಯಲ್ಲಿ ಮಾತ್ರ ಏನೂ ಇಲ್ಲ.

ದಾರಿ ತೋರಿಸಿದ್ದು ನನ್ನ ಅಕ್ಕ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಅವ್ವ ಬೇಗ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಸ್ಕೂಲಿಗೆ ಕಳಿಸಿದವಳು. ಚನ್ನರಾಯಪಟ್ಟಣದ ಕಡೆಯ ಗಡಿಗೆ ಅಂಟಿಕೊಂಡ ಊರಿಗೆ ಅವಳನ್ನು ಕೊಟ್ಟಿತ್ತು. ಭಾವ ಆಗಲೇ ಇರಲಿಲ್ಲ. ಒಂದು ಕರೆಯುವ ಎಮ್ಮೆ ಇಟ್ಟುಕೊಂಡು ಒಬ್ಬಳೇ ಬಾಳುತ್ತಿದ್ದಳು. ಈ ವರ್ಷದ ಮಾಘದಲ್ಲಿ ಅಕ್ಕ ತೀರಿಹೋದಳು. ದುಃಖವನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ. ನೌಕರಿ ಕಲಿಸಿದ ಹಾಗೆ, ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತಿದ್ದೇನೆ.

“ರೋಗ ಬಂತಾ ಅಂತ ಕೇಳುದ್ರೆ ಯಾವನ್ಲಾ ಯೋಳ್ತಾನೆ?” ಎಂದಳು ಅಕ್ಕ, ಮುದ್ದೆ ಬಡಿಸುತ್ತ. “ಅಮ್ಮನ್ನ ಯಾವತ್ತು ಸಾಗಾಕುದ್ರಿ ಅಂತ ಕೇಳು. ವಾರ, ಗಳಿಗೆ ಎಲ್ಲಾ ಯೋಳ್ತಾರೆ.”

ಆಗಿನ ಪದ್ಧತಿಯನ್ನು ಇಲ್ಲಿ ವಿವರಿಸಬೇಕು. ದನ ಸಾಯತೊಡಗಿದರೆ ಮಾರಮ್ಮ ಬಂದಿದ್ದಾಳೆ ಎಂದು ಲೆಕ್ಕ. ಒಂದು ಕೋಣಗರುವಿಗೆ ಅರಿಶಿನ ಬಳಿದು, ಬೇವಿನ ಸೊಪ್ಪಿನ ಹಾರ ಹಾಕಿ, ಮನೆಮನೆಯ ಕೊಟ್ಟಿಗೆಗೂ ನುಗ್ಗಿಸಿ, ತಮಟೆ ಬಡಿದು ಊರಾಚೆ ಗಡಿ ದಾಟಿಸುವರು. ಮಂಗಳವಾರ ಇಲ್ಲವೇ ಶುಕ್ರವಾರ. ಕರು ಕೊಟ್ಟಿಗೆಯ ಬೇನೆಯನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ ಎಂದು ನಂಬಿಕೆ. ನಿಜಕ್ಕೂ ಹೊತ್ತುಕೊಂಡೇ ಹೋಗುತ್ತಿತ್ತು! ಮುಂದಿನ ಊರಿನವರು ಅದನ್ನು ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ. ಅದು ಯಾರ ಗೋದಲಿಗೆ ಬಾಯಿ ಹಾಕಿದರೂ ಸುಮ್ಮನಿರಬೇಕು. ವಾರ ಕಳೆಯುವುದರೊಳಗೆ ಅಲ್ಲಿನ ದನಕ್ಕೆ ಜ್ವರ. ಆಗ ಅವರೂ ಪೂಜೆ ಮಾಡಿ ಮುಂದಿನ ಗಡಿ ದಾಟಿಸುವರು. ಆ ಕರು ಸತ್ತಿದ್ದರೆ ಇನ್ನೊಂದು ಕರು.

ಅಕ್ಕ ಹೇಳಿದ ಹಾಗೆಯೇ ಕೇಳಿದೆ. ಜನ ಬೆರಳು ಮಡಿಸಿ ಮಡಿಸಿ ಹೇಳಿದರು. ಮೊದಲ ಊರಿಗೆ ರೋಗ ತಂದದ್ದು ಅರಕಲಗೂಡು ಕಡೆಯಿಂದ ಬಂದ ಒಂದು ಜೊತೆ ಗಾಡಿ ಎತ್ತು. ಅಲ್ಲಿಂದ ಎರಡನೇ ಊರು, ಮೂರು, ನಾಲ್ಕು. ಒಂದು ಸಾಗಾಟಕ್ಕೂ ಇನ್ನೊಂದಕ್ಕೂ ನಡುವೆ ಹನ್ನೊಂದು ದಿನ, ಹತ್ತು ದಿನ, ಮತ್ತೆ ಹನ್ನೊಂದು ದಿನ. ವೈರಸ್ಸು ಒಳಹೊಕ್ಕು ಜ್ವರವಾಗಿ ಎದ್ದು ಕಾಣಲು ಬೇಕಾಗುವ ಕಾಲಕ್ಕೆ ಸರಿಹೋಗುತ್ತಿತ್ತು. ಐದನೆಯದು ಅಕ್ಕನ ಊರು. ಆರನೆಯದು ಗಡಿಯಾಚೆ, ಚನ್ನರಾಯಪಟ್ಟಣದ ಸಂತೆಗೆ ದನ ಹೊಡೆಯುವ ದೊಡ್ಡ ಊರು. ಅಲ್ಲಿಗೆ ಹೋದರೆ ರೋಗ ಸಂತೆಗೆ ಹೋದ ಹಾಗೆ. ಸಂತೆಯಿಂದ ಎಲ್ಲಿಗೆ ಹೋಗುತ್ತದೆಂದು ಯಾರು ಹೇಳಬಲ್ಲರು? ಊರುಗಳ ಹೆಸರು ಬರೆಯುವುದಿಲ್ಲ. ಆ ಮನೆಗಳವರು ಈಗಲೂ ಇದ್ದಾರೆ.

ಒಂದು ಮಂಗಳವಾರ ಅಕ್ಕನ ಊರಿಗೆ ಹೋದಾಗ ಕರು ಕೆರೆ ಏರಿಯ ಮೇಲೆ ನಿಂತಿತ್ತು. ಬಂದು ಸರಿಯಾಗಿ ಒಂದು ವಾರವಾಗಿತ್ತಂತೆ. ಕಣ್ಣಿಂದ ನೀರು ಸುರಿದು ಕೆನ್ನೆಯ ಅರಿಶಿನ ತೊಳೆದುಹೋಗಿತ್ತು. ಥರ್ಮಾಮೀಟರು ಇಟ್ಟೆ, ನೂರಾ ಐದು ಡಿಗ್ರಿ ದಾಟಿತು. ತುಟಿ ಮಗುಚಿದೆ. ತೌಡು. ಗೊರಸು ನೋಡಿದೆ, ಒಂದು ಬಿರುಕೂ ಇಲ್ಲ. ಪಟೇಲರ ಎತ್ತಿಗೂ ಅಂದೇ ಜ್ವರ ಶುರುವಾಗಿತ್ತು. ಶುಕ್ರವಾರ ಸಾಗಹಾಕುವುದೆಂದು ಊರು ಮಾತಾಡಿಕೊಂಡಿತ್ತು.

ಬುಧವಾರ ಬೆಳಿಗ್ಗೆ ಡಾಕ್ಟರ ಮುಂದೆ ನನ್ನ ಪಟ್ಟಿ ಇಟ್ಟೆ. ಓದಿ ನಕ್ಕರು.

“ಇದು ಮಾರಿಹಬ್ಬದ ಪಟ್ಟಿ ಕಣಯ್ಯ, ರೋಗದ ಪಟ್ಟಿ ಅಲ್ಲ. ಕಾಲುಬಾಯಿ ಜ್ವರ ಇರಬೇಕು. ಡಯಾಗ್ನೋಸಿಸ್ ಮಾಡೋ ಅಧಿಕಾರ ನಿನಗೆ ಯಾರು ಕೊಟ್ಟರು?”

“ಯಾರೂ ಕೊಟ್ಟಿಲ್ಲ ಸಾರ್. ತಾವು ಬಂದು ಒಂದು ಸಲ ನೋಡಿ.”

“ಸೋಮವಾರ ನೋಡೋಣ.”

ಸೋಮವಾರಕ್ಕೆ ಕರು ಗಡಿಯಾಚೆ ಇರುತ್ತದೆ. ನಾನು ಅಲ್ಲಿಂದ ನೇರ ಹೊಳೆನರಸೀಪುರದ ಅಂಚೆ ಕಚೇರಿಗೆ ಹೋದೆ. ಹಾಸನದ ಜಿಲ್ಲಾ ಕಚೇರಿಗೆ ನನ್ನ ಹೆಸರಿನಲ್ಲೇ ತಂತಿ ಕೊಟ್ಟೆ: ರಿಂಡರ್‌ಪೆಸ್ಟ್, ಐದು ಊರು, ಆರನೆಯದಕ್ಕೆ ಲಸಿಕೆ ಬೇಕು. ಮೇಲಧಿಕಾರಿಯನ್ನು ದಾಟಿ ತಂತಿ ಕೊಟ್ಟದ್ದಕ್ಕೆ ಮುಂದೆ ಮೆಮೊ ಬಂತು. ಆ ಮೆಮೊ ಬಗ್ಗೆ ನನಗೆ ಅಂದೂ ಪಶ್ಚಾತ್ತಾಪವಿರಲಿಲ್ಲ, ಇಂದೂ ಇಲ್ಲ. ಗುರುವಾರ ಹಾಸನದಿಂದ ಉತ್ತರ ಬಂತು. ಭಾನುವಾರ ಲಸಿಕೆ ತಲುಪುತ್ತದೆ. ಅದು ಮೇಕೆಯ ಮೈಯಲ್ಲಿ ವೈರಸ್ಸನ್ನು ಪಳಗಿಸಿ ಮಾಡಿದ ಲಸಿಕೆ. ಐಸಿನಲ್ಲಿಟ್ಟೇ ತರಬೇಕು, ಕಲಸಿದ ಮೇಲೆ ಬೇಗ ಮುಗಿಸಬೇಕು. ಸರಿ, ಶುಕ್ರವಾರದಿಂದ ಭಾನುವಾರದವರೆಗೆ ಕರುವನ್ನು ತಡೆಯುವವರು ಯಾರು?

ಗುರುವಾರ ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ನಾನೇ ಗಡಿಯಲ್ಲಿ ಅಡ್ಡ ನಿಲ್ಲುತ್ತೇನೆ ಎಂದೆ.

“ನೀನು ಸರ್ಕಾರದೋನು. ನೀನ್ ತಡುದ್ರೆ ಕೇಸಾಯ್ತದೆ,” ಎಂದಳು. “ನಾನ್ ತಡುದ್ರೆ ಊರ ಜಗಳ. ಅದ್ನ ನಾನ್ ನೋಡ್ಕತೀನಿ.”

“ನಿನ್ನ ಎಮ್ಮೆಗೂ ತಗುಲುತ್ತೆ ಅಕ್ಕ. ಲಸಿಕೆ ಬರೋದ್ರೊಳಗೆ ತಗುಲಿದರೆ ಉಳಿಯಲ್ಲ.”

“ಗೊತ್ತು ಕಣ್ಲಾ. ನೀನೇ ತಾನೆ ಈಗ ಯೋಳಿದ್ದು?”

ಶುಕ್ರವಾರ ನಾನು ಹೋಗುವಷ್ಟರಲ್ಲಿ ಬೆಳಗಿನ ಬಿಸಿಲು ಏರಿತ್ತು. ಅಕ್ಕನ ಹಿತ್ತಿಲ ಬೇಲಿಯ ಸುತ್ತ ಊರೇ ನಿಂತಿತ್ತು. ಕರುವಿನ ಕೊರಳಿಗೆ ಹಗ್ಗ. ಹಗ್ಗದ ಇನ್ನೊಂದು ತುದಿ ಗೂಟಕ್ಕೆ. ಗೂಟದ ಪಕ್ಕದಲ್ಲಿ ಅಕ್ಕ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ಅಗ್ಗ ಬಿಚ್ಚಮ್ಮಿ,” ಎಂದರು ಪಟೇಲರು. “ಅಮ್ಮನ್ನ ಕಟ್ಟಾಕದು ಎಲ್ಲಾದ್ರೂ ಉಂಟಾ?”

“ಕಟ್ಟಾಕಿಲ್ಲ ಮಾವ, ಮನೇಲಿ ಇಕ್ಕೊಂಡಿವ್ನಿ. ನೆಂಟ್ರು ಬಂದ್ರೆ ಎಲ್ಡ್ ದಿನ ಇಕ್ಕೊಳಾಕಿಲ್ವಾ?”

ಯಾರೋ ಕಿಸಕ್ಕೆಂದರು. ಹಿಂದಿನಿಂದ ಒಬ್ಬ ಕೂಗಿದ: “ತಮ್ಮ ಸೂಜಿ ಚುಚ್ಚಾಕೆ ಓದ ಅಂತ ಅಕ್ಕ ಅಮ್ಮನ್ಗೇ ಅಗ್ಗ ಬಿಗೀತಾಳಲ್ಲಪ್ಪೋ!”

“ನಿನ್ ಬಾಯ್ಗೂ ಒಂದ್ ಅಗ್ಗ ಐತೆ, ಬಾ ಇತ್ಲಾಗೆ,” ಎಂದಳು ಅಕ್ಕ, ತಲೆ ಎತ್ತದೆ.

ಪಟೇಲರ ದನಿ ಏರಿತು. “ನಮ್ಮ ದನ ಸತ್ರೆ ನೀನು ಜವಾಬ್ದಾರೀನಾ?”

ಆಗ ಅಕ್ಕ ಎದ್ದು ನಿಂತಳು. “ನಿಮ್ಮ ದನಕ್ಕೆ ಬಂದದ್ದು ಬಂದೈತೆ ಮಾವ. ಇದ್ನ ಅಟ್ಟುದ್ರೂ ಅದೇನು ಇಂದಕ್ಕೆ ಓಗಾಕಿಲ್ಲ. ಗಡಿಯಾಚೆ ನಿಮ್ಮ ಮಗಳ್ನ ಕೊಟ್ಟಿದ್ದೀರಲ್ಲಾ, ಅವಳ ಕೊಟ್ಟಿಗೆಗೇ ತಾನೆ ನೀವು ಇದ್ನ ಅಟ್ತಿರೋದು? ಆಗ್ಲಿ ಅನ್ನಿ, ಈಗ್ಲೇ ಬುಟ್ಬುಡ್ತೀನಿ. ನಮ್ಮಪ್ಪ ಕಳ್ಸವ್ರೆ ಅಂತ ಅವಳ್ಗೂ ಯೋಳ್ ಕಳಿಸ್ತೀನಿ.”

ಪಟೇಲರು ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ತಮಟೆಯವನ ಕಡೆ ತಿರುಗಿ, “ಭಾನ್ವಾರದ ಗಂಟ ನೋಡಾನ,” ಎಂದು ಹೊರಟರು. ಹೋಗುವಾಗ ಒಬ್ಬಳು ಮುದುಕಿ ಅಕ್ಕನ ಬಾಗಿಲ ಮುಂದೆ ಮಣ್ಣು ತೂರಿ ಶಾಪ ಹಾಕಿದಳು. ಅಕ್ಕ ಮತ್ತೆ ಕೂತು ಹುಣಸೆಹಣ್ಣು ಬಿಡಿಸಿದಳು.

ಕರು ಭಾನುವಾರ ಬೆಳಿಗ್ಗೆ ಸತ್ತಿತು. ಅಷ್ಟರಲ್ಲಿ ಡಾಕ್ಟರು ಲಸಿಕೆಯ ಪೆಟ್ಟಿಗೆಯ ಜೊತೆ ಜೀಪಿನಲ್ಲಿ ಬಂದರು. ತಂತಿಯ ಸಿಟ್ಟು ಮುಖದ ಮೇಲಿತ್ತು. ಕೆರೆಯ ಹಿಂದೆ ಕರುವನ್ನು ಕೊಯ್ದು ತೋರಿಸಿದೆ. ದೊಡ್ಡ ಕರುಳಿನ ಕೊನೆಯಲ್ಲಿ ಕೆಂಪು ಪಟ್ಟೆಗಳು ಸಾಲುಸಾಲಾಗಿದ್ದವು. ಈ ರೋಗದ ಗುರುತು ಅದು. ಡಾಕ್ಟರು ಬಗ್ಗಿ ನೋಡಿದರು. ಗುಲ್ಮದ ಒಂದು ತುಂಡನ್ನು ಬೆಂಗಳೂರಿನ ಪರೀಕ್ಷೆಗೆಂದು ತಾವೇ ಐಸಿನಲ್ಲಿಟ್ಟರು. ಆಮೇಲೆ ಒಂದೇ ಮಾತು ಕೇಳಿದರು: “ಆಚೆ ಊರಲ್ಲಿ ಎಷ್ಟು ಜಾನುವಾರು ಇದೆ?”

ಮುನ್ನೂರ ಹನ್ನೆರಡು. ಎರಡು ದಿನದಲ್ಲಿ ಅಷ್ಟಕ್ಕೂ ಲಸಿಕೆ ಹಾಕಿದೆವು. ದನಗಳ ಕಿವಿ ಹಿಡಿದು ನಿಲ್ಲಿಸಲು ಮುಂದೆ ಬಂದವಳು ಪಟೇಲರ ಮಗಳು. ಆ ಊರಲ್ಲಿ ರೋಗದಿಂದ ಒಂದು ಕರುವೂ ಸಾಯಲಿಲ್ಲ. ಅಕ್ಕನ ಊರಲ್ಲಿ ಆಗಲೇ ತಗುಲಿದ್ದ ಹನ್ನೊಂದು ಸತ್ತವು. ಹನ್ನೊಂದನೆಯದು ಅಕ್ಕನ ಎಮ್ಮೆ. ನಾನು ಗುಂಡಿ ತೋಡಿದೆ, ಅವಳು ಅದರ ಕೊಂಬಿಗೆ ಎಣ್ಣೆ ಹಚ್ಚಿದಳು. ಒಂದು ವರ್ಷ ಆ ಊರಿನ ಯಾವ ಮನೆಯೂ ಅವಳನ್ನು ಮದುವೆಗೆ ಕರೆಯಲಿಲ್ಲ. ಅವಳೂ ಯಾರ ಬಾಗಿಲಿಗೂ ಹೋಗಲಿಲ್ಲ.

ವರದಿಯಲ್ಲಿ ‘ರೋಗ ತಡೆದ ಬಗೆ’ ಎಂಬ ಕಲಮಿತ್ತು. ಅಕ್ಕನ ಹೆಸರು ಬರೆದು, ಸೋಂಕಿನ ಕರುವನ್ನು ಇವರು ಎರಡು ದಿನ ತಡೆದದ್ದರಿಂದ ಎಂದು ನಮೂದಿಸಿದೆ. ಟೈಪಾಗಿ ಬಂದ ಪ್ರತಿಯಲ್ಲಿ ಹೆಸರಿರಲಿಲ್ಲ. ‘ಇಲಾಖೆಯ ಸಕಾಲಿಕ ಕ್ರಮದಿಂದ’ ಎಂದಿತ್ತು. ಕೇಳಿದರೆ, ಸಂಬಂಧಿಕರ ಹೆಸರು ಬರೆಯಕೂಡದು ಎಂದರು. ಮುಂದಿನ ತಿಂಗಳ ವರದಿಯಲ್ಲಿ ಮತ್ತೆ ಬರೆದೆ. ಮತ್ತೊಂದು ಮೆಮೊ ಬಂತು. ಅದರ ಮುಂದಿನ ತಿಂಗಳೂ ಬರೆದೆ.

ಆಮೇಲಿನ ಮೂವತ್ತು ವರ್ಷ ಎಲ್ಲಿಗೆ ವರ್ಗವಾದರೂ, ರೋಗ ಎಂದು ಕೇಳುವ ಮೊದಲು ಆ ಜನ ಅದನ್ನು ಏನೆಂದು ಕರೆಯುತ್ತಾರೆ ಎಂದು ತಿಳಿದುಕೊಂಡೆ. ಕೊಟ್ಟಿಗೆ ಬಳಿಯುವ ಹೆಂಗಸರನ್ನು ಮೊದಲು ಕೇಳಿದೆ. ರೋಗದ ಜಾಡು ಅವರ ಬಾಯಲ್ಲಿರುತ್ತದೆ. ರೋಗ ಎಲ್ಲಿ ನಿಂತಿತೋ ಅಲ್ಲಿ ಲಸಿಕೆಗೂ ಮುಂಚೆ ಒಬ್ಬರು ನಷ್ಟಕ್ಕೆ ಸಿದ್ಧವಾಗಿ ನಿಂತಿರುತ್ತಾರೆ. ಕೆಲಸ ನನಗೆ ಕಲಿಸಿದ್ದು ಇಷ್ಟು. ದೊಡ್ಡರೋಗ ಈಗ ಪ್ರಪಂಚದಲ್ಲೇ ಇಲ್ಲ. ಅಕ್ಕನೂ ಇಲ್ಲ. ಇಲ್ಲಿ ಹೆಸರನ್ನು ಹೊಡೆದುಹಾಕುವವರು ಯಾರೂ ಇಲ್ಲವಾದ್ದರಿಂದ ಪೂರ್ತಿ ಬರೆಯುತ್ತೇನೆ: ಸೋಂಕಿನ ಕರುವನ್ನು ಎರಡು ದಿನ ತಡೆದು ಆರನೇ ಊರನ್ನು ಉಳಿಸಿದವರು, ಸಣ್ಣತಾಯಮ್ಮ.