ಹೊದಿಕೆ ಸರಿಸಿ ನೋಡುವ ಇಣುಕಮ್ಮ

ಆ ನರ್ಸಿಗೆ ಇಣುಕಮ್ಮ ಎಂದು ಹೆಸರಿಟ್ಟವರು ವಾರ್ಡಿನ ರೋಗಿಗಳೇ. ಬಂದವಳು ಮೊದಲು ಡ್ರಿಪ್ ಬಾಟಲಿ ನೋಡುವುದಿಲ್ಲ. ಹೊದಿಕೆ ಸರಿಸಿ ಡ್ರಿಪ್ ಹಾಕಿದ ಕೈ ನೋಡುತ್ತಾಳೆ, ಮೆಲ್ಲಗೆ ಒತ್ತುತ್ತಾಳೆ, ಇನ್ನೊಂದು ಕೈಯನ್ನೂ ಮುಟ್ಟಿ ಹೋಲಿಸುತ್ತಾಳೆ. ಊಟದ ಡಬ್ಬಿ ತಂದ ಅವಳ ಗಂಡನೇ ಒಮ್ಮೆ ನಗುತ್ತ ನನಗೆ ಹೇಳಿದ್ದ: "ಮನೇಲೂ ಅಷ್ಟೇ ಕಣಮ್ಮ, ಒಲೆ ಮೇಲಿನ ಪಾತ್ರೆ ಮುಚ್ಚಳಕ್ಕೆ ಒಂದು ನಿಮಿಷ ನೆಮ್ಮದಿ ಕೊಡಲ್ಲ!"

ನಾನು ದರ್ಜಿಯ ಹೆಂಡತಿ, ಬಾಯಿ ಸ್ವಲ್ಪ ಜೋರು. ಜ್ವರದಲ್ಲಿ ಮಲಗಿದ್ದ ನಮ್ಮ ಯಜಮಾನರ ಬಲಗೈಗೇ ಸೂಜಿ ಹಾಕಿದ್ದರು. ಕತ್ತರಿ ಹಿಡಿಯುವ ಕೈ ಅದು, ನಮ್ಮ ಮನೆ ನಡೆಯುವುದೇ ಅದರಿಂದ. ಅಲ್ಲಿನ ಹೆಡ್ ಸಿಸ್ಟರಿಗೆ ಅಚ್ಚುಕಟ್ಟೆಂದರೆ ಪ್ರಾಣ. ಸೂಜಿಯ ಜಾಗವೇ ಕಾಣದಂತೆ ಬಿಳಿ ಬ್ಯಾಂಡೇಜು ಬಿಗಿಯಾಗಿ ಸುತ್ತಿಸುತ್ತಿದ್ದರು. ಚರ್ಮ ಕಾಣುವಂಥ ತೆಳು ಪ್ಲಾಸ್ಟರ್ ಹಾಕೋಣ ಎಂದು ಇಣುಕಮ್ಮನ ಹಟ. ಜಗಳ ಬೇಡವೆಂದು ಡಾಕ್ಟರು ಕಿಟಕಿ ಬದಿಯ ಸಾಲನ್ನು ಅವಳಿಗೆ ಬಿಟ್ಟರು. ಗೋಡೆ ಬದಿಯಲ್ಲಿ ಹಳೇ ಪದ್ಧತಿಯೇ ಉಳಿಯಿತು. ನಮ್ಮ ಮಂಚ ಗೋಡೆ ಬದಿಗಿತ್ತು.

ಮಧ್ಯಾಹ್ನ ಯಜಮಾನರು ನರಳಿದರು. "ಬೆರಳು ಜುಮ್ ಅಂತಿದೆ ಕಣೇ, ಉರೀತಿದೆ."

ಹೆಡ್ ಸಿಸ್ಟರನ್ನು ಕರೆದೆ. ಅವರು ಬಾಟಲಿಯತ್ತ ಕತ್ತೆತ್ತಿ, "ಹನಿ ಸರಿಯಾಗೇ ಬೀಳ್ತಿದೆಯಲ್ಲಮ್ಮ. ಸೂಜಿ ಅಂದ್ಮೇಲೆ ಸ್ವಲ್ಪ ನೋವಿರುತ್ತೆ," ಎಂದರು.

ಇಣುಕಮ್ಮ ದಡಬಡ ಬಂದಳು. "ಬಿಚ್ಚಿ ನೋಡೋಣ, ಸಿಸ್ಟರ್."

"ಕಟ್ಟಿದ್ದನ್ನ ಸುಮ್ಸುಮ್ನೆ ಬಿಚ್ಚೋದು ಬೇಡ. ನಿನ್ನ ಸಾಲು ನೋಡ್ಕೋ ಹೋಗು."

ನನಗೆ ಪಿತ್ತ ನೆತ್ತಿಗೇರಿತು. "ಅಲ್ರೀ, ಕೈ ನಮ್ಮದು! ನೀನು ಬಿಚ್ಚು ತಾಯಿ, ಬೈಗುಳ ನನಗಿರಲಿ!"

ಬಿಚ್ಚಿದಳು. ಅಯ್ಯೋ ದೇವರೇ! ಕೈ ಬನ್ನಿನಂತೆ ಊದಿ ಚರ್ಮ ಹೊಳೆಯುತ್ತಿತ್ತು. ಸೂಜಿ ರಕ್ತನಾಳದಿಂದ ಜಾರಿ, ಔಷಧಿಯೆಲ್ಲ ಮಾಂಸಕ್ಕೆ ಇಳಿಯುತ್ತಿತ್ತು. ಇಣುಕಮ್ಮ ಹನಿ ನಿಲ್ಲಿಸಿದಳು, ಡಾಕ್ಟರನ್ನು ಕರೆಸಿದಳು, ಸೂಜಿ ತೆಗೆದು ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟಳು. "ಇನ್ನೂ ತಡ ಆಗಿದ್ರೆ ಬೆರಳಿಗೆ ಕಷ್ಟ ಇತ್ತು," ಎಂದರು ಡಾಕ್ಟರು. "ಈಗ್ಲೂ ಊತ ಇಳಿದ ಮೇಲೇ ಗೊತ್ತಾಗೋದು." ಹೆಡ್ ಸಿಸ್ಟರು ಬಿಚ್ಚಿದ ಬ್ಯಾಂಡೇಜನ್ನು ಎತ್ತಿಕೊಂಡು ಹೋದರು.

ಹೊಸ ಸೂಜಿ ಎಡಗೈಗೆ ಬಂತು, ತೆಳು ಪ್ಲಾಸ್ಟರಿನ ಜೊತೆ. ಇಣುಕಮ್ಮ ಬಂದಾಗಲೆಲ್ಲ ಯಜಮಾನರ ಕೈಲಿ ಬಲಗೈ ಬೆರಳು ಮಡಿಸಿ ಬಿಡಿಸುವ ಅಭ್ಯಾಸ ಮಾಡಿಸುತ್ತಿದ್ದಳು. ಮೊದಮೊದಲು ಹೆಬ್ಬೆರಳು ಅಲ್ಲಾಡಲೇ ಇಲ್ಲ, ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಡ್ರಿಪ್ ತೆಗೆದ ಬೆಳಿಗ್ಗೆ ಬಲಗೈಯ ಊತವೂ ಇಳಿದಿತ್ತು. ಸುತ್ತು ಬಂದ ಹೆಡ್ ಸಿಸ್ಟರ ಕೋಟಿನ ಗುಂಡಿಯೊಂದು ಜೋತಾಡುತ್ತಿತ್ತು. ನಮ್ಮವರ ಕಣ್ಣು ಅಲ್ಲೇ ನೆಟ್ಟಿತು. "ಸಿಸ್ಟರ್, ಅದನ್ನ ಇಲ್ಲಿ ಕೊಡಿ. ಲೇ, ಸೂಜಿ ದಾರ ತೆಗಿಯೇ."

ಹೆಡ್ ಸಿಸ್ಟರು ಕೋಟು ಬಿಚ್ಚಿ ಕೊಟ್ಟರು. ವಾರ್ಡಿಗೆ ವಾರ್ಡೇ ಕತ್ತು ಚಾಚಿತು. ಯಜಮಾನರು ಒಂದೇ ಸಲಕ್ಕೆ ದಾರ ಪೋಣಿಸಿ, ಬಲಗೈಯಲ್ಲೇ ಸರಸರ ಗುಂಡಿ ಹೊಲಿದು, ದಾರವನ್ನು ಹಲ್ಲಲ್ಲಿ ಕಚ್ಚಿ ಹರಿದರು. ಶಿಳ್ಳೆಯೋ ಚಪ್ಪಾಳೆಯೋ! ಎಲ್ಲಕ್ಕಿಂತ ಜೋರು ನನ್ನದೇ.

ಹೆಡ್ ಸಿಸ್ಟರು ಕೋಟು ತೊಟ್ಟು, ಗುಂಡಿಯನ್ನೊಮ್ಮೆ ಎಳೆದು ನೋಡಿದರು. ಆಮೇಲೆ ಕತ್ತರಿ ತೆಗೆದುಕೊಂಡು ಪಕ್ಕದ ಮಂಚದವರ ಬ್ಯಾಂಡೇಜನ್ನು ಕರಕರ ಕತ್ತರಿಸತೊಡಗಿದರು.

"ಪ್ಲಾಸ್ಟರ್ ತಗೊಂಬಾರೇ," ಎಂದು ಇಣುಕಮ್ಮನನ್ನು ಕೂಗಿದರು. "ಕೈ ಹೇಗೆ ಒತ್ತಿ ನೋಡ್ತೀಯ, ನನಗೂ ತೋರ್ಸು."