ಬೀರುವಿನೊಳಗಿನ ಬಲೆ

ನನ್ನ ಷರಾಯಿಗಳಿಗೆಲ್ಲ ಮುಪ್ಪು ಬರುವುದು ಬಲಗಡೆಯ ಜೇಬಿನಿಂದ. ಮಂಡಿ ಸವೆಯುವ ಮೊದಲೇ, ಅಂಚು ಪಿಸಿಯುವ ಮೊದಲೇ, ಬಲಜೇಬಿನ ತಳದಲ್ಲಿ ಕಡಲೆಕಾಳಿನಷ್ಟು ಒಂದು ತೂತು ಅವತರಿಸಿ, ಹದಿನೈದು ದಿನಗಳಲ್ಲಿ ಶುಕ್ಲಪಕ್ಷದ ಚಂದ್ರನಂತೆ ವೃದ್ಧಿಸಿ, ಒಂದು ಬೆಳಿಗ್ಗೆ ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನು ಹತ್ತುವಾಗ ಚಿಲ್ಲರೆ ನಾಣ್ಯವೊಂದು ತಣ್ಣಗೆ ತೊಡೆಯುದ್ದಕ್ಕೂ ಇಳಿದು ಬೂಟಿನೊಳಗೆ ಕೂರುತ್ತದೆ. ಇದಕ್ಕೆ ಕಾರಣ ನನ್ನ ಬೀಗದ ಕೈಗೊಂಚಲು. ಹೊರಗೇಟು, ಒಳಗೇಟು, ಗ್ರಿಲ್ಲು, ಗ್ರಿಲ್ಲಿನ ಹಿಂದಿನ ಬಾಗಿಲು ಎಂದು ನೈರೋಬಿಯ ಯಾವ ಗೃಹಸ್ಥನಿಗೂ ನಾಲ್ಕು ಕೀಲಿಕೈ ಅನಿವಾರ್ಯವೇ. ಆದರೆ ಅವುಗಳ ಜೊತೆಗೆ ಪ್ರಯೋಗಶಾಲೆಯದು, ಮನೆಯ ಶೋಕೇಸಿನದು, ಕಾಲೇಜಿನ ಕ್ರೀಡಾಸಾಮಗ್ರಿಯ ಬೀರುವಿನದು ಎಂದು ಸೇರಿಸಿಕೊಂಡು ತಿರುಗುವುದು ನನ್ನ ಸ್ವಭಾವ. ಪ್ರತಿ ತಿಂಗಳೂ ಸೂಜಿ ಹಿಡಿಯುವ ನನ್ನ ಹೆಂಡತಿ ಸುಧಾ, "ಇದು ಜೇಬೇನ್ರೀ, ಜೈಲರ್ ಸೊಂಟಾನಾ?" ಎಂದು ಕೇಳುತ್ತಲೇ ಹೊಲಿಯುತ್ತಾಳೆ. ಹೊಲಿಸಿಕೊಳ್ಳುವವನು ಉತ್ತರ ಕೊಡಬಾರದು ಎಂಬ ವಿವೇಕ ನನಗಿದೆ.

ನಾನು ಇಲ್ಲಿನ ನ್ಗಾರಾ ಬಡಾವಣೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಮೈಸೂರು ಬಿಟ್ಟು ಬಂದು ಇಪ್ಪತ್ತೆರಡು ವರ್ಷವಾಯಿತು. ಫುಟ್‌ಬಾಲಿಗೂ ನನಗೂ ಇರುವ ನಂಟು, ಉಪ್ಪಿನಕಾಯಿಗೂ ವ್ಯಾಕರಣಕ್ಕೂ ಇರುವಷ್ಟೇ. ಆದರೂ ನಾನು ಕ್ರೀಡಾಸಮಿತಿಯ ಅಧ್ಯಕ್ಷನಾದೆ, ಏಕೆಂದರೆ ಆ ಸಮಿತಿಯ ಮೊದಲ ಸಭೆಯಲ್ಲಿ ನಡವಳಿ ಬರೆಯಲು ಪೆನ್ನು ಇದ್ದವನು ನಾನೊಬ್ಬನೇ. ಅಧಿಕಾರ ಬಂದ ಮೇಲೆ ಸುಮ್ಮನಿರಲಾಗುತ್ತದೆಯೇ? ಎರಡು ಸುಧಾರಣೆಗಳನ್ನು ತಂದೆ. ಮೊದಲನೆಯದು, ಗೋಲಿಗೆ ಕಟ್ಟುವ ಬಲೆಗಳು ಬಿಸಿಲುಮಳೆಗೆ ಹಾಳಾಗದಂತೆ ಅವನ್ನು ಬಿಚ್ಚಿ, ಮಡಿಸಿ, ನುಸಿಗುಳಿಗೆ ಹಾಕಿ ಬೀರುವಿನಲ್ಲಿಟ್ಟು, ಪಂದ್ಯದ ದಿನ ಮಾತ್ರ ಹೊರತೆಗೆಯುವುದು. ಎರಡನೆಯದು, ಬಲೆಯಿಲ್ಲದ ಗೋಲಿಗೆ ಒದ್ದ ಚೆಂಡು ಗೋಡೆ ಹಾರಿ ರಸ್ತೆಗೆ ಬಿದ್ದು ಮಟಾಟುಗಳ ಚಕ್ರಕ್ಕೆ ಬಲಿಯಾಗುತ್ತಿದ್ದುದರಿಂದ, ಅಭ್ಯಾಸದ ವೇಳೆ ಯಾರೂ ಗೋಲಿಗೆ ಒದೆಯಕೂಡದು ಎಂಬ ನಿಯಮ. ಆ ವರ್ಷ ಒಂದೇ ಒಂದು ಚೆಂಡೂ ಕಳೆಯಲಿಲ್ಲ. ವಾರ್ಷಿಕ ವರದಿಯಲ್ಲಿ ನನಗೊಂದು ಶ್ಲಾಘನೆಯೂ ಸಿಕ್ಕಿತು, ಅದನ್ನು ಕತ್ತರಿಸಿಟ್ಟುಕೊಂಡಿದ್ದೇನೆ.

ನಮ್ಮ ತಂಡದ ಕೋಚ್ ಒಡಿಯಾಂಬೊ ತಾರುಣ್ಯದಲ್ಲಿ ಹೆಸರಾಂತ ರಕ್ಷಣಾ ಆಟಗಾರ. ಗೋಲು ತಡೆಯುವ ವಿದ್ಯೆಯಲ್ಲಿ ಆತ ಹುಡುಗರನ್ನು ಎಷ್ಟು ಪಳಗಿಸಿದ್ದನೆಂದರೆ ಎದುರಾಳಿಗಳು ನಮ್ಮ ಗೋಲಿನ ಹತ್ತಿರ ಸುಳಿಯುವುದೇ ಅಪರೂಪವಾಗಿತ್ತು. ದುರದೃಷ್ಟವಶಾತ್, ನಾವೂ ಅವರ ಗೋಲಿನ ಹತ್ತಿರ ಸುಳಿಯುತ್ತಿರಲಿಲ್ಲ. ಮರುವರ್ಷದ ಕ್ರೀಡಾಋತುವಿನಲ್ಲಿ ಏಳು ಪಂದ್ಯಗಳಾದವು, ನಾವು ಹೊಡೆದ ಗೋಲು ಸೊನ್ನೆ. ಹುಡುಗರು ಜಿಂಕೆಗಳಂತೆ ಓಡಿ, ಎದುರಾಳಿಯ ಗೋಲಿನ ಮುಂದಿನ ಚೌಕ ಸಿಕ್ಕೊಡನೆ ಗಕ್ಕನೆ ನಿಂತು, ಚೆಂಡನ್ನು ಸೌಜನ್ಯದಿಂದ ಪಕ್ಕದವನಿಗೆ ದಾಟಿಸುವರು, ಅವನು ಇನ್ನೊಬ್ಬನಿಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತನ್ನು ಪಂಕ್ತಿಯಲ್ಲಿ ಕೂತವರೆಲ್ಲ ಒಬ್ಬರಿಗೊಬ್ಬರು ಬಡಿಸಿಕೊಳ್ಳುತ್ತಿದ್ದರು. ಅವರು ಹಾಗೇಕೆ ಮಾಡುತ್ತಾರೆಂದು ನಾನೂ ಎಲ್ಲರಂತೆ ಅಚ್ಚರಿಪಡುತ್ತಿದ್ದೆ, ಬೈಯುತ್ತಲೂ ಇದ್ದೆ.

ಆಗ ಆಡಳಿತ ಮಂಡಳಿಗೆ ಸಹನೆ ತೀರಿತು. ಕಾಲೇಜಿಗೆ ಬರುವ ಕಾರುಗಳು ಹೆಚ್ಚಾಗಿದ್ದವು, ಮೈದಾನ ಸಮತಟ್ಟಾಗಿತ್ತು; ಈ ಎರಡು ಸತ್ಯಗಳನ್ನು ಕೂಡಿಸಲು ಗಣಿತ ಬೇಕಿರಲಿಲ್ಲ. ಋತು ಮುಗಿಯುವುದರೊಳಗೆ ತಂಡ ಕನಿಷ್ಠ ಒಂದು ಗೋಲನ್ನಾದರೂ ಹೊಡೆಯದಿದ್ದರೆ ತಂಡವನ್ನು ವಿಸರ್ಜಿಸಿ ಮೈದಾನವನ್ನು ಪಾರ್ಕಿಂಗ್‌ಗೆ ಕೊಡುವುದೆಂದು ಪ್ರಾಂಶುಪಾಲರು ನುಡಿದರು. ನಡವಳಿಯಲ್ಲಿ ನಾನೇ ಬರೆದುಕೊಂಡೆ. ಉಳಿದಿದ್ದುದು ಒಂದೇ ಪಂದ್ಯ, ಅದಕ್ಕೆ ಆರು ವಾರ. ಸಭೆಯಿಂದ ಹೊರಬಂದಾಗ ಹತ್ತೊಂಬತ್ತು ವರ್ಷ ಆ ಹುಲ್ಲಿನ ಮೇಲೆ ನಿಂತಿದ್ದ ಒಡಿಯಾಂಬೊ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಮ್ವಾಲಿಮು," ಎಂದ, ಇಲ್ಲಿ ಮೇಷ್ಟ್ರನ್ನು ಕರೆಯುವುದು ಹಾಗೆ. "ಗೋಲು ತಡೆಯುವುದು ನನಗೆ ಗೊತ್ತು. ಹೊಡೆಸುವುದು ಗೊತ್ತಿಲ್ಲ. ದಾಳಿ ಕಲಿಸುವವರನ್ನು ಒಬ್ಬರನ್ನು ಹುಡುಕಿಕೊಡು." ತನಗೆ ಗೊತ್ತಿಲ್ಲ ಎಂದು ಇಷ್ಟು ನೇರವಾಗಿ ಹೇಳಿದ ಮನುಷ್ಯನನ್ನು ನಮ್ಮ ಅಧ್ಯಾಪಕ ಕೊಠಡಿಯಲ್ಲಿ ನಾನು ಕಂಡಿರಲಿಲ್ಲ. ಹುಡುಕಿಯೇ ತೀರುತ್ತೇನೆ ಎಂದು ಅಲ್ಲೇ ಶಪಥ ಮಾಡಿದೆ.

ಮೇಷ್ಟ್ರ ಶಪಥ ಪ್ರಶ್ನಪತ್ರಿಕೆಯಾಗಿ ಪರಿಣಮಿಸುವುದು ಪ್ರಕೃತಿನಿಯಮ. ತಲಾ ಹತ್ತು ಅಂಕದ ಹತ್ತು ಪ್ರಶ್ನೆ ತಯಾರಿಸಿ, ಹಸಿರು ಬಟ್ಟೆ ಹೊದಿಸಿದ ಮೇಜಿನ ಹಿಂದೆ ಒಡಿಯಾಂಬೊನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂದರ್ಶನಕ್ಕೆ ಸಜ್ಜಾದೆ. ಒಬ್ಬ ಅಭ್ಯರ್ಥಿ ಲ್ಯಾಪ್‌ಟಾಪ್ ತೆರೆದು ಬಾಣಗಳನ್ನು ತೋರಿಸಿದ. ಅವು ನನ್ನ ಸಾವಯವ ರಸಾಯನದ ಬಾಣಗಳಂತೆಯೇ ಇದ್ದುದರಿಂದ ಎಂಬತ್ತೆರಡು ಅಂಕ ಕೊಟ್ಟೆ. ಇನ್ನೊಬ್ಬ ತಾನು ಹೊಡೆದ ಗೋಲುಗಳ ಪುರಾಣವನ್ನು ಪ್ರವಾಹದಂತೆ ಹರಿಸಿದ, ಎಪ್ಪತ್ತೊಂದು. ಮೂರನೆಯವರು ವಂಜಿರು ಎಂಬ ಮಹಿಳೆ, ಪಂಗಾನಿಯ ಶಾಲೆಯೊಂದರ ವ್ಯಾಯಾಮ ಶಿಕ್ಷಕಿ. ಹತ್ತು ಗಂಟೆಗೆ ಬರಬೇಕಾದವರು ಬಂದದ್ದು ಹತ್ತು ಮೂವತ್ತೈದಕ್ಕೆ, ಬೂಟಿನ ತುಂಬ ಕೆಂಪು ಮಣ್ಣು ಮೆತ್ತಿಕೊಂಡು. ಅರ್ಧ ಗಂಟೆ ತಡವಾದವರಿಗೆ ಪರೀಕ್ಷಾ ಕೊಠಡಿಗೆ ಪ್ರವೇಶವಿಲ್ಲ. ಇದು ನನ್ನ ರಕ್ತದಲ್ಲಿದೆ. ಹಾಗೆಂದು ಅವರಿಗೆ ಹೇಳಿದೆ. ಅವರು ವಾದಿಸಲಿಲ್ಲ. "ಮೈದಾನದಲ್ಲಿ ಹುಡುಗರ ಅಭ್ಯಾಸ ನೋಡುತ್ತ ನಿಂತುಬಿಟ್ಟೆ, ಸರ್. ಒಂದು ಕೇಳಲೇ? ಗೋಲಿಗೆ ಬಲೆ ಎಲ್ಲಿ?"

"ಭದ್ರವಾಗಿದೆ," ಎಂದೆ, ಜೇಬು ತಟ್ಟಿ. ಗೊಂಚಲು ಝಣ್ ಎಂದಿತು. ಅವರು ಎಕ್ಸ್‌ರೇ ಹಿಡಿದ ವೈದ್ಯರಂತೆ ನನ್ನನ್ನೊಮ್ಮೆ ನೋಡಿ, ನಮಸ್ಕರಿಸಿ, ಹೊರಟುಹೋದರು. ಒಡಿಯಾಂಬೊ ಅಂಕಪಟ್ಟಿಗೆ ಸಹಿ ಮಾಡದೆ ಪೆನ್ನಿನ ಮುಚ್ಚಳ ಹಾಕಿದ. "ಉಳಿದಿಬ್ಬರು ನಮ್ಮ ಮೇಜನ್ನು ನೋಡಿದರು, ಮ್ವಾಲಿಮು. ಆಕೆ ಮೈದಾನ ನೋಡಿದಳು," ಎಂದಷ್ಟೇ ಹೇಳಿ ಎದ್ದುಹೋದ. ನನಗೆ ಸಿಟ್ಟು ಬಂತೆಂದು ಒಪ್ಪಿಕೊಳ್ಳುತ್ತೇನೆ.

ಆ ಭಾನುವಾರ ನಮ್ಮ ಮನೆಗೆ ಮಂಗಳೂರಿನ ಕ್ಯಾಥೊಲಿಕ್ ಗೆಳೆಯರ ಕುಟುಂಬವೊಂದು ಊಟಕ್ಕೆ ಬಂದಿತ್ತು. ನಮ್ಮ ಶೋಕೇಸಿನಲ್ಲಿ, ಮದುವೆಯಲ್ಲಿ ಬಂದ ಪಿಂಗಾಣಿ ತಟ್ಟೆಗಳ ಸೆಟ್ಟು ಒಂದಿದೆ. ಹಿಂದೂ ಮಹಾಸಾಗರವನ್ನು ದಾಟಿ ಬಂದರೂ ಒಂದು ಅನ್ನದಗುಳನ್ನೂ ಕಾಣದ ಪುಣ್ಯಜೀವಿಗಳು ಅವು. ಎಂದಿನಂತೆ ಸ್ಟೀಲ್ ತಟ್ಟೆಗಳನ್ನು ಹಾಕಿದೆವು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಅದಿತಿ ಶೋಕೇಸಿನತ್ತ ನೋಡಿ, "ಅಮ್ಮಾ, ವೈ ಡು ವಿ ಈವನ್ ಹ್ಯಾವ್ ದೆಮ್?" ಎಂದಳು. "ಒಡೆದುಹೋದ್ರೆ ಏನ್ ಗತಿ, ಪುಟ್ಟಿ? ಕೀ ನಿಮ್ಮಪ್ಪನ ಹತ್ರಾನೇ ಇದೆ, ಕೇಳು," ಎಂದಳು ಸುಧಾ, ಸಹಜವಾಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನನ್ನ ಕೈ ತಾನಾಗಿ ಬಲಜೇಬಿಗೆ ಹೋಯಿತು. ಗೋಲಿನ ಮುಂದೆ ಗಕ್ಕನೆ ನಿಲ್ಲುವ ಹುಡುಗರು ಕಣ್ಣಮುಂದೆ ಬಂದರು. ಅವರು ಹೆದರಿ ನಿಲ್ಲುತ್ತಿರಲಿಲ್ಲ. ನನ್ನ ನಿಯಮವನ್ನು ಪಾಲಿಸುತ್ತಿದ್ದರು. ಎರಡು ವರ್ಷ ದಿನವೂ ಗೋಲಿಗೆ ಒದೆಯಬೇಡಿ ಎಂದು ಕಲಿಸಿ, ಪಂದ್ಯದ ದಿನ ಬಲೆ ಕಟ್ಟಿ, ಈಗ ಯಾಕೆ ಒದೆಯುವುದಿಲ್ಲ ಎಂದು ಬೈದವನು ನಾನು. ನಾಚಿಕೆಯಾಯಿತು.

ಮರುದಿನ ತರಗತಿಗೆ ರಜೆ ಹಾಕಿದೆ. ವೃತ್ತಿಜೀವನದಲ್ಲಿ ಜ್ವರವಿಲ್ಲದೆ ಹಾಕಿದ ಮೊದಲ ರಜೆ. ಪಂಗಾನಿಯ ಶಾಲೆಯಲ್ಲಿ ವಿಚಾರಿಸಿದರೆ ವಂಜಿರು ಇರಲಿಲ್ಲ. ಸೋಮವಾರ ಮಧ್ಯಾಹ್ನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರ್ಖಾನೆಯೊಂದರ ಕೆಲಸಗಾರರಿಗೆ ಊಟದ ಬಿಡುವಿನಲ್ಲಿ ಆಟ ಕಲಿಸುತ್ತಾರೆಂದರು. ನಾನು ಹತ್ತಿದ ಮಟಾಟು, ಲಾರಿಗಳ ಸಾಲಿನಲ್ಲಿ ಹೂತುಹೋಯಿತು. ಬಿಡುವು ಮುಗಿದರೆ ಅವರು ಸಿಕ್ಕುವುದಿಲ್ಲ, ಅವರು ಸಿಕ್ಕದಿದ್ದರೆ ಒಡಿಯಾಂಬೊಗೆ ಮುಖ ತೋರಿಸುವಂತಿಲ್ಲ. ಇಳಿದು ನಡೆದೆ, ನಡೆದರೆ ಸಾಲದೆಂದು ಓಡಿದೆ. ಐವತ್ತಮೂರರ ರಸಾಯನಶಾಸ್ತ್ರಜ್ಞ, ಜೇಬಿನಲ್ಲಿ ಗೆಜ್ಜೆಯಂತೆ ಝಣಝಣಿಸುವ ಕಬ್ಬಿಣ ಹೊತ್ತು, ಲಾರಿಗಳ ಮಧ್ಯೆ ಓಡುವ ದೃಶ್ಯಕ್ಕೆ ಚಾಲಕರು ಕಿಟಕಿಯಿಂದ ತಲೆ ಹಾಕಿ ಹುರಿದುಂಬಿಸಿದರು.

ಗೋದಾಮುಗಳ ನಡುವಿನ ಜಾಗದಲ್ಲಿ ಎರಡು ಡ್ರಮ್ಮುಗಳ ನಡುವೆ ಹಳೆಯ ಸೊಳ್ಳೆಪರದೆ ಕಟ್ಟಿ ವಂಜಿರು ಗೋಲು ಮಾಡಿದ್ದರು. ಏದುಸಿರು ಬಿಡುತ್ತ ಬೀರುವಿನ ಕೀಲಿಕೈಯನ್ನು ಗೊಂಚಲಿನಿಂದ ಬಿಡಿಸಿ ಅವರ ಕೈಗಿಟ್ಟೆ. ತಪ್ಪು ನನ್ನದೇ ಎಂದೆ. ಅವರು ಮೂರು ಷರತ್ತು ಹಾಕಿದರು: ಬಲೆ ಪ್ರತಿದಿನ ಕಟ್ಟಿರಬೇಕು, ಪ್ರತಿ ಹುಡುಗ ದಿನಕ್ಕೆ ಐವತ್ತು ಸಲ ಗೋಲಿಗೆ ಒದೆಯಬೇಕು, ಹರಿದ ಬಲೆಯನ್ನು ನಾನೇ, ನನ್ನ ಕೈಯಾರೆ, ಹೊಲಿಯಬೇಕು. "ಮೂರನೆಯದು ಯಾಕೆ?" ಎಂದೆ. "ಹರಿದರೆ ಏನಾಗುತ್ತದೆಂದು ನಿಮಗೆ ಗೊತ್ತಾಗಲಿ, ಸರ್. ಏನೂ ಆಗುವುದಿಲ್ಲ," ಎಂದರು.

ಹರಿಯಿತು. ನುಸಿಗುಳಿಗೆಯ ಸುವಾಸನೆಯಲ್ಲಿ ನಾನು ಕಾಪಾಡಿದ ಬಲೆ ಮಡಿಕೆಗಳಲ್ಲೇ ಜೀರ್ಣವಾಗಿತ್ತು. ಪ್ರತಿ ಸಂಜೆ ಗೋಲುಕಂಬದ ಬುಡದಲ್ಲಿ ಕೂತು ನೀಲಿ ನೈಲಾನ್ ದಾರದಿಂದ ಗಂಟು ಹಾಕುವುದು ಕಲಿತೆ. ಮೊದಲ ವಾರ ಹುಡುಗರು ಚೌಕದಂಚಿನಲ್ಲಿ ಹಳೆಯ ಅಭ್ಯಾಸದಂತೆ ನಿಂತು ನನ್ನತ್ತ ತಿರುಗಿ ನೋಡುತ್ತಿದ್ದರು, ಅನುಮತಿಗಾಗಿ. ನಾನು ತಲೆ ತಗ್ಗಿಸಿ ಮುಂದಿನ ಗಂಟು ಹಾಕುತ್ತಿದ್ದೆ. ಮೂರನೆಯ ವಾರಕ್ಕೆ ನೋಡುವುದನ್ನು ಬಿಟ್ಟರು.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ ನಡೆಯಿತು. ಮುನ್ನುಗ್ಗುವ ಹುರುಪಿನಲ್ಲಿ ಹುಡುಗರು ಹಿಂದಿನ ಬಾಗಿಲನ್ನು ತೆರೆದೇ ಬಿಟ್ಟು, ನೋಡನೋಡುತ್ತ ಮೂರು ಗೋಲು ಬಿಟ್ಟುಕೊಟ್ಟರು. ಒಡಿಯಾಂಬೊ ಎರಡು ಕೈಯಲ್ಲೂ ಟೋಪಿ ಹಿಂಡುತ್ತಿದ್ದ. ಮುಗಿಯಲು ಐದು ನಿಮಿಷವಿದ್ದಾಗ ನಮ್ಮ ನಾಯಕ ಕಿಪ್ರೊನೊ ಚೌಕದಂಚಿಗೆ ಬಂದ. ನಿಲ್ಲಲಿಲ್ಲ. ಒದ್ದ. ನಾನು ಬಲೆಯ ಹಿಂದೆಯೇ ನಿಂತಿದ್ದೆ. ಚೆಂಡು ಕಂಬದ ಪಕ್ಕದಲ್ಲಿ ಸುಯ್ಯೆಂದು ಬಂದು ಹಿಂದಿನ ಗೋಡೆಗೆ ಬಡಿಯಿತು. ಕಂಬದ ಒಳಗಿನಿಂದ ಬಂತೇ, ಹೊರಗಿನಿಂದ ಬಂತೇ? ನಮ್ಮವರು ಒಳಗೆ ಎಂದರು, ಅವರು ಹೊರಗೆ ಎಂದರು. ಎರಡೂ ಕಾಲೇಜುಗಳಿಂದ ಎರವಲು ಪಡೆದ ಇಬ್ಬರು ಗೆರೆ ಕಾಯುವವರು ತಂತಮ್ಮ ಕಾಲೇಜಿನ ಪರವಾಗಿ ಬಾವುಟ ಎತ್ತಿದರು. ರೆಫರಿ ಓಡಿಬಂದು ಬಲೆಯಲ್ಲಿ ಕೈ ಆಡಿಸಿ, ಕುಂಬಳಕಾಯಿ ಗಾತ್ರದ ಒಂದು ತೂತಿನ ಬಳಿ ನಿಂತ. "ಇದು ಮೊದಲೇ ಇತ್ತೇ?"

ನನ್ನ ಜೀವಮಾನದಲ್ಲಿ ಫುಟ್‌ಬಾಲಿನ ಬಗ್ಗೆ ಖಚಿತವಾಗಿ ಹೇಳಬಲ್ಲ ಮಾತು ಅದೊಂದೇ ಇತ್ತು. "ಇರಲಿಲ್ಲ. ಇವತ್ತು ಬೆಳಿಗ್ಗೆ ಈ ಬಲೆಗೆ ಮೂವತ್ತೊಂದು ಗಂಟು ಹಾಕಿದ್ದೇನೆ. ಇಲ್ಲಿ ಕಿತ್ತುಹೋಗಿರುವುದು ಹತ್ತೊಂಬತ್ತನೆಯ ಗಂಟು." ನನ್ನ ಮಾತನ್ನು ನಂಬುವ ಹಂಗು ಅವನಿಗಿರಲಿಲ್ಲ, ಬಗ್ಗಿ ನೋಡಿದ. ಕಿತ್ತ ನೀಲಿ ದಾರದ ಎಳೆಗಳು ಗೋಡೆಯ ಕಡೆಗೆ ಚಾಚಿಕೊಂಡಿದ್ದವು. ಸೀಟಿ ಊದಿ, ಗೋಲೆಂದು ಮೈದಾನದ ನಡುವಿಗೆ ಕೈ ತೋರಿಸಿದ. ನಾವು ಮೂರು–ಒಂದರಿಂದ ಸೋತೆವು. ಸೋತ ತಂಡ ಕೋಚನ್ನು ಹೊತ್ತು ಮೆರೆಸಿದ್ದನ್ನು ಕಂಡು ಗೆದ್ದವರು ಕಕ್ಕಾಬಿಕ್ಕಿಯಾದರು. ಇದೇನು ಗೆಲುವೇ ಎಂದು ಪ್ರಾಂಶುಪಾಲರು ತಕರಾರು ತೆಗೆದಾಗ ನಡವಳಿ ಪುಸ್ತಕ ತೆರೆದು ತೋರಿಸಿದೆ: ಕನಿಷ್ಠ ಒಂದು ಗೋಲು. ಗೆಲುವಿನ ಮಾತು ಅದರಲ್ಲಿರಲಿಲ್ಲ.

ವಂಜಿರು ಈಗ ನಮ್ಮ ಖಾಯಂ ಕೋಚ್. ಒಡಿಯಾಂಬೊ ಹಿಂದೆ ನಿಂತು ತಡೆಯುವುದನ್ನು ಕಲಿಸುತ್ತಾನೆ, ಆಕೆ ಮುಂದೆ ಹೋಗುವುದನ್ನು. ಪಿಂಗಾಣಿ ತಟ್ಟೆಗಳಲ್ಲಿ ದಿನವೂ ಉಣ್ಣುತ್ತೇವೆ. ಎರಡು ಒಡೆದಿವೆ, ಒಂದನ್ನು ಒಡೆದವನು ನಾನೇ. ಗೊಂಚಲಿನಲ್ಲಿ ಎರಡು ಕೀಲಿಕೈ ಕಡಿಮೆಯಾಗಿದ್ದರೂ ಜೇಬು ಹಗುರವಾಗಲಿಲ್ಲ, ಅಲ್ಲಿ ದಾರದ ಉಂಡೆ ಬಂದು ಕೂತಿದೆ. ಮೊನ್ನೆ ಮಟಾಟು ಹತ್ತುವಾಗ ಮತ್ತೆ ನಾಣ್ಯ ತೊಡೆಯುದ್ದಕ್ಕೂ ಇಳಿಯಿತು. ಸುಧಾ ಸೂಜಿ ತರಲು ಎದ್ದಳು. ಬೇಡ ಎಂದೆ. ನೀಲಿ ದಾರ ತೆಗೆದು, ನನ್ನ ಜೇಬಿಗೆ ನಾನೇ ಒಂದು ಗಂಟು ಹಾಕಿಕೊಂಡೆ, ಮೂವತ್ತೆರಡನೆಯದು.